ಹಿಗ್ಗಿನ ಸಂದು

ಈ ಮಾತು ಮೊದಲು ನನ್ನ ಕಿವಿಗೆ ಬಿದ್ದದ್ದು
ಮಟಮಾರಿಯ ಗ್ಯಾಂಗ್ ಕ್ವಾರ್ಟರ್ಸಿನಲ್ಲಿ, ಅಂಜಿಕೆಯ ದನಿಯಲ್ಲಿ:
"ಇವತ್ತ ಹಳಿ ಭಾಳ ಹಿಗ್ಗ್ಯಾವ."
ಅಪ್ಪ ಮಜ್ಜಿಗೆಯ ಲೋಟ ಅರ್ಧಕ್ಕೇ ಇಟ್ಟ.
ಕೆಂಪು ಬಾವುಟ, ಹಸಿರು ಬಾವುಟ,
ಉದ್ದ ಕಾವಿನ ಸುತ್ತಿಗೆ ಹೆಗಲ ಮೇಲೆ,
ಬಿಸಿಲ ಗಸ್ತಿಗೆ ನಡೆದ.
ಮೇ ತಿಂಗಳು. ಸಿಗ್ನಲ್ ಕಂಬದ ನೆರಳಿನಲ್ಲಿ
ನೆರಳಿನಷ್ಟೇ ಸಣ್ಣಗಾಗಿ ಒಂದು ಕಾಗೆ.

ಆರು ವರ್ಷದವಳು ನಾನು.
ಹಿಗ್ಗುವುದೆಂದರೆ ಕಬ್ಬಿಣ ಹಾವಾಗುವುದು,
ರೈಲು ಕೆಡಹುವುದು ಅಂತಲೇ ತಿಳಿದಿದ್ದೆ.

ಶಾಲೆಯಲ್ಲಿ ಬಸಲಿಂಗಪ್ಪ ಮಾಸ್ತರು
ಸಂತೋಷಕ್ಕೆ ಸಮಾನ ಪದ ಕೇಳಿದರು.
ಆನಂದ, ಹರ್ಷ, ಉಲ್ಲಾಸ
ಇಸ್ತ್ರಿ ಅಂಗಿ ತೊಟ್ಟು ಸಾಲಾಗಿ ಬಂದವು.
ಖಾಜಾಬಿ ಎದ್ದು "ಖುಷಿ" ಅಂದಳು,
ಎಲ್ಲಿಂದಲೋ ಬಂದು ನಮ್ಮ ಓಣಿಯಲ್ಲೇ ಮನೆ ಹಿಡಿದದ್ದು ಅದು.
ಕೊನೆಯ ಸಾಲಿನಿಂದ ಹುಲಿಗೆಪ್ಪ ಕೂಗಿದ: "ಹಿಗ್ಗು!"
ಬೆಚ್ಚಿ ಕಿಟಕಿಯತ್ತ ನೋಡಿದೆ.
ಹೊರಗೆ ಕಲ್ಲಿದ್ದಲ ಗೂಡ್ಸು
ನೆಟ್ಟಗೇ ಹೋಗುತ್ತಿತ್ತು.

ಅವ್ವನಿಗೆ ಹೇಳಿದರೆ ಸೆರಗಿನಲ್ಲಿ ನಕ್ಕಳು.
"ನೀ ಹುಟ್ಟಿದ ದಿನ ನಿಮ್ಮಪ್ಪ
ಹಿಗ್ಗಿ ಹೀರೇಕಾಯಿ ಆಗಿದ್ದ."
ಅಪ್ಪನನ್ನು ತಿರುತಿರುಗಿ ನೋಡಿದೆ:
ಗೀರು ಗೀರು ಮೈ, ಎದೆಯ ಎಲುಬು ಎಣಿಸಬಹುದು,
ಹೀರೇಕಾಯಿಯೇನೋ ಹೌದು,
ಹಿಗ್ಗಿದ್ದು ಎಲ್ಲಿ?

ಸಂಕ್ರಾಂತಿ ಹತ್ತಿರದ ಒಂದು ಮುಂಜಾನೆ
ಅವನೇ ಕರೆದೊಯ್ದ. ಜಲ್ಲಿಕಲ್ಲಿನ ಮೇಲೆ ಇಬ್ಬನಿ.
ಹಳಿಗೆ ಹಳಿ ಕೂಡುವಲ್ಲಿ ಕುಕ್ಕರಗಾಲಲ್ಲಿ ಕೂತು
"ಬೆರಳಿಡು" ಅಂದ.
ಎರಡು ತುದಿಗಳ ನಡುವೆ ನನ್ನ ಕಿರುಬೆರಳು
ಉಗುರು ಮುಳುಗುವಷ್ಟು ಹೋಯಿತು. ತಣ್ಣಗೆ ಕಚ್ಚಿತು.

"ಯಾಕ ಬಿಟ್ಟಾರಪ್ಪ ಈ ಸಂದು?"
"ಹಿಗ್ಗಾಕ. ಕಬ್ಬಿಣಕ್ಕೂ ಜಾಗ ಬೇಕವ್ವ.
ಬಿಡಲಿಲ್ಲಂದ್ರ ಸೊಟ್ಟ ಆಗಿ ತಾನೇ ಹುಡಿಕ್ಕೊಂತದ."
"ಪೂರಾ ಹಿಗ್ಗಿದ್ರ?"
ಬೀಡಿ ಹಚ್ಚಿದ. ತಡ ಮಾಡಿ ಹೇಳಿದ:
"ಬ್ಯಾಸಗ್ಯಾಗ, ಹನ್ನೊಂದರ ಸುಮಾರಿಗೆ, ಒಂದು ಗಳಿಗಿ ಬರ್ತದ.
ಈ ಹಳಿ ಆ ಹಳಿಗೆ ಬರೇ ತಾಕ್ತದ. ನೂಕಂಗಿಲ್ಲ.
ಆಗ ಸುತ್ತಿಗೀಲೆ ಬಡದ್ರ ದನೀನ ಬ್ಯಾರೆ."

ಈಗ ರಾಯಚೂರಿನ ಗ್ರಂಥಾಲಯದಲ್ಲಿ ನನ್ನ ನೌಕರಿ.
ಜನ ಬಾರದ ಮಧ್ಯಾಹ್ನ ನಿಘಂಟು ತೆಗೆಯುತ್ತೇನೆ.
ಹಿಗ್ಗು: ಒಂದು, ಅಗಲವಾಗು, ಉಬ್ಬು.
ಎರಡು, ಸಂತೋಷ.
ಒಂದಕ್ಕೂ ಎರಡಕ್ಕೂ ನಡುವೆ
ಅಚ್ಚಿನವನು ಬಿಟ್ಟ ತುಸು ಬಿಳಿ.
ಬೆರಳಿಡುತ್ತೇನೆ.

ಪಾಲು ಹಾಲಾಯಿತು, ಪಾವು ಹಾವಾಯಿತು,
ಈ ಮಾತೂ ಹಿಂದೊಮ್ಮೆ ಪಕಾರದ್ದೇ ಇರಬೇಕೆಂದು
ನನ್ನದೇ ಒಂದು ಊಹೆ, ಪುರಾವೆ ಇಲ್ಲ.
ತುಟಿ ಬಿಗಿದು ಹಿಡಿದಿದ್ದ ಯಾರೋ
ಯಾವುದೋ ಬೆಳಿಗ್ಗೆ ತಡೆಯಲಾರದೆ ತೆರೆದಿರಬೇಕು,
ಬರೀ ಉಸಿರು ಹೊರಬಂದಿರಬೇಕು.
ಎದುರಿಗಿದ್ದವರಿಗೆ ಅಷ್ಟೇ ಸಾಕಾಗಿರಬೇಕು.

ಹಳಿಗಳನ್ನು ಬೆಸೆದುಬಿಟ್ಟಿದ್ದಾರೆ ಈಗ.
ಟಕಟಕ ಇಲ್ಲದೆ ರೈಲು
ಎಣ್ಣೆ ಸುರಿದಂತೆ ಹೋಗುತ್ತದೆ.
"ಹಿಗ್ಗು ಎಲ್ಲಿ ಹೋಗ್ತದಪ್ಪ ಈಗ?" ಅಂತ ಕೇಳಿದರೆ
"ಒಳಗ ಹಿಡಕೊಂಡಿರ್ತದ" ಅಂದು
ಸಿಟ್ಟು ಬಂದವನಂತೆ ಆ ಕಡೆ ತಿರುಗಿದ.

ನಿನ್ನೆ ಅಂಬಲಿ ಕುಡಿಯುತ್ತಿದ್ದವನನ್ನು ಕೆಣಕಿದೆ:
ನಿಘಂಟಿನಲ್ಲಿ ಸಿಗುತ್ತಿಲ್ಲ,
ಪೂರ್ಣ ಸುಖಕ್ಕೆ ನೀನೇ ಒಂದು ಮಾತು ಹೇಳು.
"ಹನ್ನೊಂದು ಗಂಟೆ" ಅಂದ, ತಲೆ ಎತ್ತದೆ.

ಆಮೇಲೆ ಏನನ್ನಿಸಿತೋ, ಚಮಚ ನೆಕ್ಕಿ ಒರೆಸಿ
ಕಿಟಕಿಯ ಸರಳಿಗೆ ಒಮ್ಮೆ ಬಡಿದ,
ಕಿವಿ ವಾಲಿಸಿದ.
"ಇನ್ನಾ ಆಗಿಲ್ಲ" ಅಂದ.